ಎಡ ಎಂದರೆ ಯಾರ ಎಡ?

ಎದೆಯ ಕ್ಷ-ಕಿರಣ ಚಿತ್ರವನ್ನು ಬೆಳಕಿಗೆ ಹಿಡಿದರೆ ಹೃದಯದ ನೆರಳು ಹೆಚ್ಚಾಗಿ ನಮ್ಮ ಬಲಗಡೆಗೆ ಕಾಣುತ್ತದೆ. ಗಾಬರಿ ಬೇಡ. ರೋಗಿ ನಮ್ಮೆದುರು ನಿಂತಂತೆ ಚಿತ್ರವನ್ನಿಟ್ಟು ನೋಡುವುದು ರೂಢಿ. ಎಡ-ಬಲ ರೋಗಿಯವು, ನೋಡುವವರವಲ್ಲ.

ದೇಹದ ಭಾಗಗಳಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸುಮಾರು 50,000 ಹೆಸರುಗಳಿದ್ದವು. ಒಂದೇ ಎಲುಬಿಗೆ ಊರಿಗೊಂದು ಹೆಸರು. 1895ರಲ್ಲಿ ಬಾಸೆಲ್ ನಗರದಲ್ಲಿ ಸೇರಿದ ಜರ್ಮನ್ ಅಂಗರಚನಾಶಾಸ್ತ್ರಜ್ಞರು ಅವನ್ನು ಐದು ಸಾವಿರ ಚಿಲ್ಲರೆ ಲ್ಯಾಟಿನ್ ಪದಗಳಿಗೆ ಇಳಿಸಿದರು. ಅದೇ ವರ್ಷ ನವೆಂಬರ್ 8ರಂದು ವುರ್ಟ್ಸ್‌ಬರ್ಗಿನಲ್ಲಿ ರಾಂಟ್ಗನ್ನರಿಗೆ ಹೊಸ ಕಿರಣ ಕಂಡಿತು. 1896ರ ಜನವರಿ 23ರ ಉಪನ್ಯಾಸದಲ್ಲಿ ಅವರು ವೃದ್ಧ ಪ್ರಾಧ್ಯಾಪಕ ಕೋಲಿಕರ್ ಅವರ ಕೈಯ ಚಿತ್ರ ತೆಗೆದರು. ಬಾಸೆಲ್ ಪದಾವಳಿಯ ಸಮಿತಿಯಲ್ಲಿದ್ದವರೇ ಈ ಕೋಲಿಕರ್! ನಾಮಕರಣದ ಅಭ್ಯಾಸ ಬಿಟ್ಟೀತೆ? 'ರಾಂಟ್ಗನ್ ಕಿರಣ'ವೆಂದು ಕರೆಯೋಣ ಎಂದು ಅಲ್ಲೇ ಸೂಚಿಸಿದರು. ಜರ್ಮನರು ಇಂದಿಗೂ ಹಾಗೆಯೇ ಅನ್ನುತ್ತಾರೆ. ನಮ್ಮ ಕನ್ನಡವಾದರೋ, ಅಜ್ಞಾತವೆಂಬ ಅರ್ಥದಲ್ಲಿ ರಾಂಟ್ಗನ್ನರೇ ಇಟ್ಟ 'ಎಕ್ಸ್' ಅನ್ನು 'ಕ್ಷ' ಮಾಡಿಕೊಂಡಿತು.

ಅಂಗಗಳ ಹೆಸರಷ್ಟೇ ಸಾಲದು, ಕಿರಣದ ದಾರಿಯೂ ತಿಳಿಯಬೇಕು. ಬೆನ್ನಿನಿಂದ ಹೊಕ್ಕು ಎದೆಯಿಂದ ಹೊರಟರೆ 'ಪಿ.ಎ.', ಎದೆಯಿಂದ ಹೊಕ್ಕರೆ 'ಎ.ಪಿ.'. ಹೃದಯವಿರುವುದು ಎದೆಯ ಮುಂಭಾಗದಲ್ಲಿ. ಎ.ಪಿ. ಚಿತ್ರದಲ್ಲಿ ಅದು ಫಿಲ್ಮಿನಿಂದ ದೂರವಾಗಿ ನೆರಳು ಹಿಗ್ಗುತ್ತದೆ. ಹಾಸಿಗೆ ಹಿಡಿದವರಿಗೆ ಸಾಮಾನ್ಯವಾಗಿ ತೆಗೆಯುವುದು ಇದನ್ನೇ. ಆ ಎರಡಕ್ಷರ ನೋಡದೆ ಹೃದಯ ದೊಡ್ಡದಾಗಿದೆಯೆಂದರೆ ಮನೆಮಂದಿಯ ನಿದ್ದೆ ಹೋದಂತೆಯೇ. ಇಂಥ ಭಂಗಿಗಳನ್ನೆಲ್ಲ ಲಂಡನ್ನಿನ ಕ್ಲಾರ್ಕ್ ಎಂಬ ಮಹಿಳೆ 1939ರಲ್ಲಿ ಗ್ರಂಥವಾಗಿಸಿದರು. ಪರಿಷ್ಕೃತಗೊಂಡು ಅದು ಇಂದಿಗೂ ಪಾಠವಾಗಿದೆ.

ಚಿತ್ರದ ಅಂಚಿನಲ್ಲಿ 'ಆರ್' ಅಥವಾ 'ಎಲ್' ಎಂಬ ಬಿಳಿಯ ಗುರುತಿರುತ್ತದೆ, ಸೀಸದ ಅಕ್ಷರ ಮೂಡಿಸಿದ್ದು. ಹೃದಯ ಬಲಕ್ಕಿದ್ದು ಹುಟ್ಟುವವರೂ ಉಂಟು. ಅವರ ಚಿತ್ರ ತಿರುಗುಮುರುಗಾಗಿಲ್ಲ ಎನ್ನಲು ಆ ಅಕ್ಷರವೇ ಸಾಕ್ಷಿ.