ಕೆಂಪು ಪೆನ್ನಿನಿಂದ ಕ್ರಿಪ್ಟೊ ಚಾರ್ಟಿನವರೆಗೆ

1961ರ ದ್ವಿತೀಯಾರ್ಧದಲ್ಲಿ ಅಮೆರಿಕದ ತರುಣ ಷೇರು ದಲ್ಲಾಳಿ ವಿಲಿಯಂ ಓನೀಲ್ ಕೆಂಪು ಪೆನ್ನು ಹಿಡಿದು ಕೂತರು. ಹಿಂದಿನ ಒಂದು ವರ್ಷದಲ್ಲಿ ತಾವು ಕೊಂಡು ಮಾರಿದ ಒಂದೊಂದು ಷೇರಿನ ಚಾರ್ಟನ್ನೂ ಮುಂದೆ ಹರಡಿಕೊಂಡು, ಎಲ್ಲಿ ಕೊಂಡೆ, ಎಲ್ಲಿ ಮಾರಿದೆ ಎಂದು ಗುರುತು ಹಾಕುತ್ತಾ ಹೋದರು. ಸರ್ಟನ್-ಟೀಡ್ ಎಂಬ ಕಂಪನಿಯ ಷೇರನ್ನು ಇಪ್ಪತ್ತು ಡಾಲರಿನ ಆಸುಪಾಸಿನಲ್ಲಿ ಕೊಂಡು, ಎರಡು ಮೂರು ಡಾಲರ್ ಲಾಭ ಕಂಡ ಕೂಡಲೇ ಹೆದರಿ ಕೈಬಿಟ್ಟಿದ್ದರು. ಆಮೇಲೆ ಅದು ಮೂರು ಪಟ್ಟಾಗಿತ್ತು. ಇಂಥವೇ ಇನ್ನೂ ಹಲವು. ಒಳ್ಳೆಯ ಷೇರು ಆರಿಸುವುದು ತನಗೆ ಬರುತ್ತದೆ, ಯಾವಾಗ ಮಾರಬೇಕೆಂಬ ಲೆಕ್ಕಾಚಾರವೇ ತನ್ನಲ್ಲಿಲ್ಲ ಎಂಬುದು ಆ ಕೆಂಪು ಗುರುತುಗಳನ್ನು ನೋಡಿದಾಗ ಅವರಿಗೆ ಹೊಳೆಯಿತು. ಆ ವರ್ಷದ ಲಾಭ-ನಷ್ಟದ ಪಟ್ಟಿಯಲ್ಲಿ ಇದು ಕಂಡಿರಲಿಲ್ಲ. ಸರ್ಟನ್-ಟೀಡ್ ಅಲ್ಲಿ ಲಾಭದ ಸಾಲಿನಲ್ಲೇ ಇತ್ತಲ್ಲ!

ಇವತ್ತು ಬಿಟ್‌ಕಾಯಿನ್ ಕೊಳ್ಳುವ ಹುಡುಗನ ಫೋನಿನಲ್ಲಿ ಇದೇ ಕೆಲಸ ಒಂದು ಗುಂಡಿ ಒತ್ತಿದರೆ ಆಗಿಬಿಡುತ್ತದೆ. ಕೊಂಡಲ್ಲಿ ಹಸಿರು ಬಾಣ, ಮಾರಿದಲ್ಲಿ ಕೆಂಪು ಬಾಣ. ಪೆನ್ನಿನಿಂದ ಬಾಣಕ್ಕೆ ಬರಲು ಇಷ್ಟು ಕಾಲ ಏಕೆ ಹಿಡಿಯಿತು, ಬಾಣ ಬಂದದ್ದರಿಂದ ಆದದ್ದೇನು ಎಂಬುದು ಬೆಲೆನಕ್ಷೆಯ ಚರಿತ್ರೆಯಲ್ಲೇ ಸಿಗುತ್ತದೆ.

ಬೆಲೆಯನ್ನು ಗೆರೆಯಾಗಿ ಬರೆಯುವುದು ಹಳೆಯ ವಿದ್ಯೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲೇ ಇಂಗ್ಲೆಂಡಿನ ಆಮದು-ರಫ್ತನ್ನು ಗೆರೆಗಳಲ್ಲಿ ತೋರಿಸಿದ್ದ. 1821ರಲ್ಲಿ ಗೋಧಿಯ ಬೆಲೆಯನ್ನೂ ಕೂಲಿಯ ದರವನ್ನೂ ಒಂದೇ ಹಾಳೆಗೆ ತಂದ. ಜಪಾನಿನ ಅಕ್ಕಿ ವ್ಯಾಪಾರಿಗಳು, ಒಂದೊಂದು ಅವಧಿಯ ಆರಂಭ, ಅಂತ್ಯ, ಗರಿಷ್ಠ, ಕನಿಷ್ಠ ಬೆಲೆಗಳನ್ನು ಮೊಂಬತ್ತಿಯಾಕಾರದ ಒಂದೊಂದು ಗುರುತಿನಲ್ಲಿ ತೋರಿಸುವ ಕ್ಯಾಂಡಲ್ ಚಾರ್ಟನ್ನು ಬೆಳೆಸಿದರು. ಅದರ ಕೀರ್ತಿಯನ್ನು ಹದಿನೆಂಟನೇ ಶತಮಾನದ ಹೊಮ್ಮಾ ಎಂಬ ವ್ಯಾಪಾರಿಗೆ ಕೊಡುವ ರೂಢಿಯಿದೆ. ಆದರೆ ಈಗಿನ ರೂಪ ಬಂದದ್ದು ಅವನ ಕಾಲದ ನಂತರ ಎನ್ನುವವರೂ ಇದ್ದಾರೆ. ಸ್ಟೀವ್ ನಿಸನ್ 1991ರಲ್ಲಿ ಪುಸ್ತಕ ಬರೆಯುವವರೆಗೆ ಪಶ್ಚಿಮದ ಸಾಮಾನ್ಯ ಹೂಡಿಕೆದಾರನಿಗೆ ಕ್ಯಾಂಡಲ್ ಚಾರ್ಟಿನ ಪರಿಚಯವೇ ಇರಲಿಲ್ಲ. ಈಗ ಕ್ರಿಪ್ಟೊ ಆ್ಯಪ್ ತೆರೆದರೆ ಮೊದಲು ಕಾಣುವುದೇ ಅದು.

ಈ ಎಲ್ಲ ನಕ್ಷೆಗಳೂ ಪೇಟೆಯವು. ನೋಡುವವನ ಸುಳಿವು ಅವುಗಳಲ್ಲಿ ಎಲ್ಲೂ ಇರಲಿಲ್ಲ. ಅವನ ವ್ಯವಹಾರ ಬೇರೆ ಪುಸ್ತಕದಲ್ಲಿರುತ್ತಿತ್ತು. ನಮ್ಮ ಮಂಡಿ ಅಂಗಡಿಗಳ ಕಿರ್ದಿಯನ್ನೇ ನೋಡಿ: ಇಂಥ ದಿನ ಇಷ್ಟು ಕ್ವಿಂಟಲ್, ಇಂಥ ದರ, ಇಂಥವರಿಗೆ. ಆ ದಿನ ಧಾರಣೆ ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದು ಸಾಹುಕಾರರ ತಲೆಯಲ್ಲಿರುತ್ತಿತ್ತೇ ಹೊರತು ಕಿರ್ದಿಯಲ್ಲಿ ಅಲ್ಲ. ಕಿರ್ದಿಯನ್ನು ಧಾರಣೆಯ ಗೆರೆಯ ಮೇಲೆ ತಂದು ಕೂರಿಸಿದ್ದರಲ್ಲೇ ಓನೀಲ್ ಕೆಲಸದ ಹೊಸತನ ಇರುವುದು. ಅವರೊಬ್ಬರೇ ಅಲ್ಲ. ನೃತ್ಯಗಾರನಾಗಿ ದೇಶ ದೇಶ ಸುತ್ತುತ್ತಾ ತಂತಿಯಲ್ಲೇ ನ್ಯೂಯಾರ್ಕಿಗೆ ಷೇರಿನ ಆದೇಶ ಕಳಿಸುತ್ತಿದ್ದ ನಿಕೊಲಸ್ ಡಾರ್ವಸ್, 1960ರ ತನ್ನ ಪುಸ್ತಕದ ಕೊನೆಗೆ ಆ ತಂತಿಗಳನ್ನೂ ಷೇರುಗಳ ಚಾರ್ಟುಗಳನ್ನೂ ಸೇರಿಸಿದ್ದ.

ಕೈಕೆಲಸ ಕಂಪ್ಯೂಟರಿಗೆ ಬಂದದ್ದು ನಿಧಾನವಾಗಿ. 1990ರ ದಶಕದಲ್ಲಿ ಜಾನ್ ಸ್ವೀನಿ ಹೊಸದೊಂದು ಅಳತೆ ಕೊಟ್ಟ: ಕೊಂಡ ಮೇಲೆ ಮಾರುವವರೆಗೆ ಬೆಲೆ ನಮ್ಮ ವಿರುದ್ಧ ಅತಿ ಹೆಚ್ಚು ಎಷ್ಟು ದೂರ ಹೋಗಿತ್ತು? ಲಾಭದಲ್ಲಿ ಮುಗಿದ ವ್ಯವಹಾರಗಳಲ್ಲಿ ಈ ದೂರ ಸಾಮಾನ್ಯವಾಗಿ ಚಿಕ್ಕದು. ಹಾಗಾಗಿ ಎಲ್ಲಿ ಕೈತೊಳೆದುಕೊಳ್ಳಬೇಕು ಎಂಬುದಕ್ಕೆ ಅವರವರ ಹಳೆಯ ವ್ಯವಹಾರಗಳೇ ಅಂಕಿ ಕೊಡುತ್ತವೆ ಎಂದು ವಾದಿಸಿದ. 2005ರಲ್ಲಿ ಬಂದ ಮೆಟಾಟ್ರೇಡರ್ 4 ಎಂಬ ಸಾಫ್ಟ್‌ವೇರಿನಲ್ಲಿ ವಿದೇಶಿ ಹಣದ ವ್ಯವಹಾರ ಮಾಡುವವರು ಮುಗಿದ ವ್ಯವಹಾರವನ್ನು ಪಟ್ಟಿಯಿಂದ ಎಳೆದು ಚಾರ್ಟಿನ ಮೇಲೆ ಬಿಟ್ಟರೆ ಸಾಕು, ಎರಡು ಬಾಣ, ನಡುವೆ ಚುಕ್ಕೆಗೆರೆ ಮೂಡುತ್ತಿದ್ದವು.

ಇತ್ತ ವಿದ್ವಾಂಸರು ಬೇರೆ ದಾರಿಯಲ್ಲಿ ಅದೇ ಜಾಗಕ್ಕೆ ಬಂದರು. ಲಾಭದ ಷೇರನ್ನು ಬೇಗ ಮಾರಿ ನಷ್ಟದ್ದನ್ನು ಅಪ್ಪಿಕೊಂಡು ಕೂರುವ ಚಾಳಿಗೆ ಶೆಫ್ರಿನ್ ಮತ್ತು ಸ್ಟಾಟ್‌ಮನ್ 1985ರಲ್ಲಿ ಹೆಸರಿಟ್ಟರು. ಟೆರನ್ಸ್ ಓಡೀನ್ 1998ರಲ್ಲಿ 10,000 ಖಾತೆಗಳನ್ನು ಜಾಲಾಡಿ ಅದನ್ನು ಸಾಬೀತು ಮಾಡಿದರು. ಕೈಯಲ್ಲಿದ್ದ ಲಾಭಗಳಲ್ಲಿ ಜನ ಶೇ 14.8ರಷ್ಟನ್ನು ಮಾರಿದರೆ ನಷ್ಟಗಳಲ್ಲಿ ಶೇ 9.8ರಷ್ಟನ್ನು ಮಾತ್ರ. ಮಾರಿಬಿಟ್ಟ ಲಾಭದ ಷೇರುಗಳು ಮುಂದಿನ ಒಂದು ವರ್ಷದಲ್ಲಿ ಇಟ್ಟುಕೊಂಡ ನಷ್ಟದ ಷೇರುಗಳಿಗಿಂತ ಸರಾಸರಿ ಶೇ 3.4ರಷ್ಟು ಮುಂದಿದ್ದವು. 2000ದಲ್ಲಿ ಅವರೂ ಬ್ರ್ಯಾಡ್ ಬಾರ್ಬರ್ ಅವರೂ ಕೂಡಿ 66,465 ಕುಟುಂಬಗಳ ಲೆಕ್ಕ ನೋಡಿದಾಗ ಅತಿ ಹೆಚ್ಚು ಕೊಂಡು ಮಾರುವವರಿಗೆ ವರ್ಷಕ್ಕೆ ಶೇ 11.4 ದಕ್ಕಿತ್ತು, ಸುಮ್ಮನಿದ್ದ ಪೇಟೆ ಶೇ 17.9 ಕೊಟ್ಟಿತ್ತು. ಓನೀಲ್‌ಗೆ ಕೆಂಪು ಪೆನ್ನು ಹೇಳಿದ್ದು ಸಾವಿರಾರು ಜನರ ಮಟ್ಟಿಗೂ ನಿಜವಾಗಿತ್ತು.

ಕ್ರಿಪ್ಟೊ ಬಂದಮೇಲೆ ಈ ಕಥೆಗೆ ವೇಗ ಬಂತು, ಮತ್ತು ಅದಕ್ಕೆ ದೂಡಿದ್ದು ಜ್ಞಾನದಾಹವಲ್ಲ, ತೆರಿಗೆ. ಅಮೆರಿಕದ ತೆರಿಗೆ ಇಲಾಖೆ 2014ರಲ್ಲಿ ಬಿಟ್‌ಕಾಯಿನ್ನನ್ನು ಹಣವಲ್ಲ, ಆಸ್ತಿ ಎಂದಿತು. ಪ್ರತಿ ಮಾರಾಟಕ್ಕೂ ಲೆಕ್ಕ ಇಡಬೇಕಾಯಿತು. ನಮ್ಮಲ್ಲಿ 2022ರ ಬಜೆಟ್ ಶೇ 30 ತೆರಿಗೆ ಹಾಕಿತು, ಆ ವರ್ಷ ಜುಲೈ 1ರಿಂದ ಮಾರಾಟದ ಮೇಲೆ ಶೇ 1 ಟಿಡಿಎಸ್ ಕೂಡ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ. ರಿಟರ್ನ್ಸ್‌ನಲ್ಲಿ ಕೊಂಡ ದಿನ, ಮಾರಿದ ದಿನ, ಎರಡೂ ಮೊತ್ತ ತೋರಿಸಬೇಕು. ಆಡಿಟರ್‌ಗೆ ಕೊಡಲೆಂದು ಎಕ್ಸ್‌ಚೇಂಜಿನಿಂದ ಇಳಿಸಿಕೊಂಡ ವ್ಯವಹಾರಗಳ ಫೈಲಿನಲ್ಲಿ ಚಾರ್ಟಿಗೆ ಬೇಕಾದದ್ದೆಲ್ಲ ಇತ್ತು. ಚಾರ್ಟ್ ಬರೆಯುವ ಸಾಮಗ್ರಿಯೂ ಬಿಟ್ಟಿಯಾಗಿ ಸಿಗತೊಡಗಿತ್ತು. ಟ್ರೇಡಿಂಗ್‌ವ್ಯೂ ಸಂಸ್ಥೆ ತನ್ನ ಚಿಕ್ಕ ಚಾರ್ಟ್ ಸಾಫ್ಟ್‌ವೇರನ್ನು ಮುಕ್ತವಾಗಿ ಬಿಟ್ಟ ಮೇಲೆ ಅಲ್ಪಸ್ವಲ್ಪ ಕೋಡಿಂಗ್ ಬಲ್ಲವರೂ ಸಂಜೆಯೊಂದರಲ್ಲಿ ತಮ್ಮ ಬಾಣಗಳನ್ನು ತಾವೇ ಕೂರಿಸಿಕೊಳ್ಳಬಹುದಾಯಿತು.

ಕೂರಿಸಲು ಹೋದವರಿಗೆ ಗೊತ್ತು, ಗೆರೆ ಬರೆಯುವುದಕ್ಕಿಂತ ಫೈಲು ತೊಳೆಯುವುದೇ ದೊಡ್ಡ ಕೆಲಸ. ಮೊದಲನೆಯದು ಗಡಿಯಾರ. ಕ್ರಿಪ್ಟೊ ಪೇಟೆಗೆ ಬಾಗಿಲು ಮುಚ್ಚುವ ಹೊತ್ತಿಲ್ಲ. ಆದರೂ ದಿನದ ಕ್ಯಾಂಡಲ್ ಎಲ್ಲಾದರೂ ಮುಗಿಯಬೇಕಲ್ಲ, ಅದು ಮುಗಿಯುವುದು ಜಾಗತಿಕ ಕಾಲಮಾನದ ಮಧ್ಯರಾತ್ರಿಗೆ. ನಮಗೆ ಅದು ಬೆಳಗಿನ ಐದೂವರೆ. 2021ರ ನವೆಂಬರ್ 10ರಂದು ಬಿಟ್‌ಕಾಯಿನ್ ಸುಮಾರು 69,000 ಡಾಲರ್ ಮುಟ್ಟಿ ಆ ದಿನವೇ ಕೆಳಗಿಳಿಯಿತು. ನಿದ್ದೆಗೆಟ್ಟು ಕೂತಿದ್ದ ಬೆಂಗಳೂರಿನವನೊಬ್ಬ ನಮ್ಮ 11ನೇ ತಾರೀಖು ಬೆಳಗಿನ ಜಾವ ಎರಡು ಗಂಟೆಗೆ ಕೊಂಡ ಎನ್ನಿ. ಅವನ ಕೊಳ್ಳುವಿಕೆ ಸೇರಬೇಕಾದದ್ದು 10ನೇ ತಾರೀಖಿನ ಕ್ಯಾಂಡಲಿಗೆ. ಭಾರತದ ಗಂಟೆಯನ್ನು ಹಾಗೇ ತುಂಬಿದರೆ ಬಾಣ ಮರುದಿನಕ್ಕೆ ಜಾರುತ್ತದೆ. ಶಿಖರದ ದಿನವೇ ಕೊಂಡೆ ಎಂಬ, ಅವನು ಅಗತ್ಯವಾಗಿ ನೋಡಬೇಕಿದ್ದ ಸಂಗತಿಯೇ ಮರೆಯಾಗುತ್ತದೆ.

ರೂಪಾಯಿಯದ್ದೂ ಒಂದು ತಕರಾರು. ನಮ್ಮ ಎಕ್ಸ್‌ಚೇಂಜುಗಳ ರೂಪಾಯಿ ಬೆಲೆ ಡಾಲರ್ ಬೆಲೆಯ ನೇರ ಅನುವಾದವಲ್ಲ, ಮೇಲೆ ಕೆಳಗೆ ಆಗುತ್ತಿರುತ್ತದೆ. ಪರಿವರ್ತಿಸಿ ಡಾಲರ್ ಚಾರ್ಟಿನ ಮೇಲಿಟ್ಟ ಬಾಣಗಳು ಕೆಲವೊಮ್ಮೆ ಕ್ಯಾಂಡಲಿನ ಹೊರಗೆ ಗಾಳಿಯಲ್ಲಿ ನಿಲ್ಲುತ್ತವೆ. ಒಂದು ಎಕ್ಸ್‌ಚೇಂಜಿನಿಂದ ಇನ್ನೊಂದಕ್ಕೆ ನಾಣ್ಯ ಸಾಗಿಸಿದ್ದನ್ನು ಮಾರಾಟವೆಂದು ಎಣಿಸುವ ತಪ್ಪಂತೂ ಮಾಮೂಲು. ನೂರು ರೂಪಾಯಿಯ ಖರೀದಿಗೂ ಲಕ್ಷದ ಖರೀದಿಗೂ ಒಂದೇ ಗಾತ್ರದ ಬಾಣ ಹಾಕಿದರೆ ಚಿತ್ರವೇ ಸುಳ್ಳಾಗುತ್ತದೆ, ಬಾಣದ ಗಾತ್ರ ಮೊತ್ತಕ್ಕೆ ತಕ್ಕಂತಿರಬೇಕು. ಹತ್ತು ವರ್ಷದ ಚಾರ್ಟಿಗೆ, ಸಮ ಶೇಕಡಾವಾರು ಏರಿಕೆಗೆ ಸಮ ಎತ್ತರ ಕೊಡುವ ಲಾಗ್ ಅಳತೆಯೇ ಸರಿ; ಇಲ್ಲದಿದ್ದರೆ 2017ರ ಬೆಲೆಯೇರಿಕೆಯ ಅಬ್ಬರವೆಲ್ಲ ಆಮೇಲಿನ ಬೆಲೆಗಳ ಕೆಳಗೆ ನೆಲಕ್ಕಂಟಿದ ಗುಬುಟಿನಂತೆ ಕಾಣುತ್ತದೆ.

ಇಷ್ಟು ಮಾಡಿದ ಮೇಲೆ ಕಾಣುವುದೇನು? ತಾನು ಇಳಿದಾಗ ಕೊಳ್ಳುವವನು ಎಂದು ಹೇಳಿಕೊಂಡು ತಿರುಗುವವನ ಹಸಿರು ಬಾಣಗಳು ಸಾಲಾಗಿ ಏರಿನ ತುದಿಯಲ್ಲಿ ನಿಂತಿರಬಹುದು. ದೀರ್ಘಾವಧಿ ಹೂಡಿಕೆದಾರನೆಂದುಕೊಂಡವನ ಅತಿ ದೊಡ್ಡ ಕೆಂಪು ಬಾಣ 2020ರ ಮಾರ್ಚ್ 12ಕ್ಕೆ ನೆಟ್ಟಿರಬಹುದು. ಅಂದು ಬಿಟ್‌ಕಾಯಿನ್ ಒಂದೇ ದಿನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದು 5,000 ಡಾಲರಿನ ಆಸುಪಾಸಿಗೆ ಇಳಿದಿತ್ತು. ಆ ವರ್ಷ ಮುಗಿಯುವಾಗ 29,000ದ ಹತ್ತಿರವಿತ್ತು. ಮನುಷ್ಯ ತನ್ನ ಬಗ್ಗೆ ಹೇಳಿಕೊಳ್ಳುವ ಕಥೆಗೂ ಅವನ ಬೆರಳು ಒತ್ತಿದ್ದಕ್ಕೂ ಇರುವ ಅಂತರ ಇಷ್ಟು ಮುಖಕ್ಕೆ ಹೊಡೆದಂತೆ ಬೇರೆಲ್ಲೂ ಕಾಣದು.

ಆದರೂ ಈ ಬಾಣಗಳನ್ನು ಹಗಲು ರಾತ್ರಿ ಕಣ್ಣೆದುರು ಇಟ್ಟುಕೊಳ್ಳುವುದನ್ನು ನಾನು ಒಪ್ಪಲಾರೆ. ಕೇರಿ ಫ್ರಿಡ್‌ಮನ್ ಮತ್ತು ಆಂಟೋನಿಯೊ ರಾಂಗೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಮುಖ್ಯ. ಕೊಂಡ ಬೆಲೆ ಪರದೆಯ ಮೇಲೆ ಎದ್ದು ಕಾಣದಂತೆ ಮಾಡಿದಾಗ, ಶೆಫ್ರಿನ್-ಸ್ಟಾಟ್‌ಮನ್ ಹೇಳಿದ ಆ ಚಾಳಿ ಸುಮಾರು ಕಾಲು ಭಾಗ ತಗ್ಗಿತು. ಅಂದರೆ ಆ್ಯಪ್‌ಗಳು ಹೆಮ್ಮೆಯಿಂದ ಎಳೆಯುವ ‘ನಿಮ್ಮ ಸರಾಸರಿ ಬೆಲೆ’ ಎಂಬ ಗೆರೆ ರೋಗಕ್ಕೆ ಮದ್ದಲ್ಲ, ರೋಗವನ್ನೇ ಸಾಕುತ್ತದೆ. ಅಸಲು ಬರಲಿ ಆಮೇಲೆ ಮಾರುತ್ತೇನೆ ಎಂದು ಕೂರಿಸುವುದು ಆ ಗೆರೆಯೇ. ಓನೀಲ್ ಪೆನ್ನು ಹಿಡಿದದ್ದು ವ್ಯವಹಾರಗಳೆಲ್ಲ ಮುಗಿದ ಮೇಲೆ ಎಂಬುದನ್ನು ಈ ಆ್ಯಪ್ ಕಟ್ಟುವವರು ಮರೆತಿದ್ದಾರೆ.

ಇನ್ನೊಂದು ಮೋಸ ಹಿನ್ನೋಟದ್ದು. ಆದದ್ದು ಆಗಲೇಬೇಕಿತ್ತು ಎಂದು ಆಮೇಲೆ ತೋರುವುದನ್ನು ಬರೂಕ್ ಫಿಶಾಫ್ 1975ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಮುಗಿದ ಚಾರ್ಟು ಈ ಭ್ರಮೆಯ ಕಾರ್ಖಾನೆ. ಎಲ್ಲ ಶಿಖರಗಳೂ ಶಿಖರಗಳೆಂದು ಈಗ ತಿಳಿದಿದೆ. ಗುಂಡಿ ಒತ್ತುವಾಗ ಬಲಗಡೆಯೆಲ್ಲ ಖಾಲಿಯಿತ್ತು. ಅದಕ್ಕೇ ಬಾಣದ ಜೊತೆ ಆ ಹೊತ್ತಿನಲ್ಲೇ ಬರೆದ ಒಂದು ಸಾಲು ಬೇಕು: ಏಕೆ ಕೊಳ್ಳುತ್ತಿದ್ದೇನೆ, ಏನಾದರೆ ಮಾರುತ್ತೇನೆ. ಆ ಸಾಲಿಲ್ಲದ ಬಾಣದಿಂದ ಕಲಿಯುವುದು ಅರ್ಧ ಮಾತ್ರ.

ಕೊನೆಗೆ ಒಂದು ವ್ಯಾವಹಾರಿಕ ಮಾತು. 2014ರಲ್ಲಿ ಶುರುವಾದ ಬ್ಲಾಕ್‌ಫೋಲಿಯೊ ಎಂಬ ಆ್ಯಪಿನಲ್ಲಿ ಲಕ್ಷಾಂತರ ಜನ ತಮ್ಮ ಕ್ರಿಪ್ಟೊ ಲೆಕ್ಕ ಇಟ್ಟಿದ್ದರು. 2020ರಲ್ಲಿ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ಅದನ್ನು 15 ಕೋಟಿ ಡಾಲರಿಗೆ ಕೊಂಡಿತು. 2022ರ ನವೆಂಬರ್ 11ರಂದು ಎಫ್‌ಟಿಎಕ್ಸ್ ದಿವಾಳಿ ಅರ್ಜಿ ಹಾಕಿತು. ಹಾಗಾಗಿ ನಿಮ್ಮ ವ್ಯವಹಾರದ ಫೈಲು ಇನ್ನೂ ಎಕ್ಸ್‌ಚೇಂಜಿನಲ್ಲೇ ಇದ್ದರೆ ಇವತ್ತೇ ಇಳಿಸಿ ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ.