ಹೆಸರಿಲ್ಲದ ಬೇನೆ: ಬಸುರಿಯರು, ಮಕ್ಕಳ ಸೋಂಕುಗಳು ಮತ್ತು ಕೂಕಟ್‌ಪಲ್ಲಿಯ ದಾರಿ

ಹೈದರಾಬಾದಿನ ವಾಯವ್ಯ ದಿಕ್ಕಿನಲ್ಲಿರುವ ಕೂಕಟ್‌ಪಲ್ಲಿಯನ್ನು ಹಾಯ್ದುಹೋಗುವ ಮುಂಬಯಿ ಹೆದ್ದಾರಿಯು ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದುಗಳನ್ನು ದಾಟಿ ಬೀದರ ಜಿಲ್ಲೆಯ ಹುಮನಾಬಾದನ್ನು ಮುಟ್ಟುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಈ ಎರಡೂ ಊರುಗಳು ಒಂದೇ ಆಡಳಿತದಲ್ಲಿದ್ದವು. ಗಡಿ ಬಿದ್ದ ಮೇಲೂ ಓಡಾಟ ನಿಲ್ಲಲಿಲ್ಲ. 1960ರ ದಶಕದಲ್ಲಿ ನೆರೆಯ ಬಾಲಾನಗರದಲ್ಲಿ ಐ.ಡಿ.ಪಿ.ಎಲ್. ಔಷಧ ಕಾರ್ಖಾನೆಯೂ ಅನಂತರ ಕೂಕಟ್‌ಪಲ್ಲಿಯಲ್ಲಿ ಹೌಸಿಂಗ್ ಬೋರ್ಡಿನ ಬಡಾವಣೆಯೂ ಬಂದವು. ದುಡಿಮೆಗೆ ಬಂದು ನೆಲೆಸಿದವರು ಹೆರಿಗೆಗೆ ತವರಿಗೆ ಹೋಗುವ ರೂಢಿಯನ್ನು ಮಾತ್ರ ಬಿಡಲಿಲ್ಲ. ಹೀಗೆ ಒಂದೇ ಬಸಿರಿನ ವೃತ್ತಾಂತವು ಎರಡು ರಾಜ್ಯಗಳ ದವಾಖಾನೆಗಳಲ್ಲಿ, ಮೂರು ಭಾಷೆಗಳಲ್ಲಿ ಹಂಚಿಹೋಗುವುದು ಇಲ್ಲಿ ಅಪರೂಪವಲ್ಲ. ಈ ಹಂಚಿಕೆಯಲ್ಲಿ ಕಳೆದುಹೋಗುವುದೇನು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಮಕ್ಕಳಿಗೆ ಬರುವ ದದ್ದಿನ ಬೇನೆಗಳಿಗೆ ಈ ಪ್ರದೇಶದಲ್ಲಿ ಹೆಸರುಗಳ ಬಡತನವಿಲ್ಲ. ಮೈಸೂರು ಸೀಮೆಯಲ್ಲಿ ದಡಾರ ಎನ್ನುವುದನ್ನು ಉತ್ತರ ಕರ್ನಾಟಕದವರು ಗೊಬ್ಬರ ಎನ್ನುತ್ತಾರೆ. ತೆಲುಗರಿಗೆ ಅದು ತಟ್ಟು, ಉರ್ದು ಮಾತಿನವರಿಗೆ ಖಸರಾ. ಸೀತಾಳೆ ಸಿಡುಬು ತೆಲುಗಿನಲ್ಲಿ ಆಟಲಮ್ಮ. ಕನ್ನಡದ ಮನೆಗಳಲ್ಲಿ ಬರಿಯ ‘ಅಮ್ಮ’. ಆದರೆ ಬಸುರಿಯ ಪಾಲಿಗೆ ಇವೆಲ್ಲಕ್ಕಿಂತ ಘೋರವಾದ ರುಬೆಲ್ಲಾಕ್ಕೆ ಈ ಜನಭಾಷೆಗಳಲ್ಲಿ ತನ್ನದೇ ಆದ ರೂಢಿಯ ಹೆಸರಿಲ್ಲ. ಇದರ ಕಾರಣ ಊಹಿಸಲು ಕಷ್ಟವಲ್ಲ. ಸಣ್ಣ ಜ್ವರ, ಎರಡು ಮೂರು ದಿನ ನಿಲ್ಲುವ ತೆಳುವಾದ ದದ್ದು, ಕಿವಿಯ ಹಿಂದೆ ಗಂಟು. ಎಷ್ಟೋ ಜನರಲ್ಲಿ ಅಷ್ಟೂ ಕಾಣುವುದಿಲ್ಲ. ಮಗುವನ್ನು ಕಾಡದ ಬೇನೆಗೆ ಹೆಸರಿಡುವ ಅಗತ್ಯ ಯಾರಿಗೂ ತೋರಲಿಲ್ಲ.

ವಿಚಿತ್ರವೆಂದರೆ, ಜಗತ್ತು ಇಂದು ಬಳಸುವ ‘ರುಬೆಲ್ಲಾ’ ಎಂಬ ಹೆಸರು ಹುಟ್ಟಿದ್ದು ಭಾರತದಲ್ಲಿ ಕಂಡ ಒಂದು ಸಾಂಕ್ರಾಮಿಕದ ವರ್ಣನೆಯಲ್ಲಿ. ಬ್ರಿಟಿಷ್ ಸೇನೆಯ ವೈದ್ಯ ಹೆನ್ರಿ ವೀಲ್ 1866ರಲ್ಲಿ ಅದನ್ನು ಸೂಚಿಸಿದ. ಆವರೆಗೆ ಚಾಲ್ತಿಯಲ್ಲಿದ್ದ ಜರ್ಮನ್ ಹೆಸರು ಇಂಗ್ಲಿಷರ ಕಿವಿಗೆ ಒರಟೆಂಬುದು ಅವನ ಆಕ್ಷೇಪ. ಆ ಹೆಸರು ಎಡಿನ್‌ಬರೋದ ಪತ್ರಿಕೆಗೆ ಹೋಯಿತೇ ವಿನಾ ಇಲ್ಲಿಯ ಮನೆಗಳಿಗೆ ಬರಲಿಲ್ಲ.

ಹೆಸರಿನ ಬೆಲೆ ಏನೆಂಬುದು ತಿಳಿದದ್ದು 1941ರಲ್ಲಿ. ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್ ಹುಟ್ಟಿನಿಂದಲೇ ಕಣ್ಣಿಗೆ ಪೊರೆ ಬಂದ 78 ಶಿಶುಗಳನ್ನು ಕುರಿತು ವರದಿ ಮಾಡಿದರು. ಅವರಲ್ಲಿ 68 ಮಕ್ಕಳ ತಾಯಂದಿರಿಗೆ ಬಸಿರಿನಲ್ಲಿ, ಬಹುಪಾಲು ಮೊದಲ ಎರಡು ತಿಂಗಳಲ್ಲೇ, ರುಬೆಲ್ಲಾ ಬಂದಿತ್ತು. ವೈರಾಣುವನ್ನು ಬೇರ್ಪಡಿಸಿದ್ದು 1962ರಲ್ಲಿ. ಅಂದರೆ ಗ್ರೆಗ್ ಅವರ ಕೈಯಲ್ಲಿ ಪ್ರಯೋಗಶಾಲೆಯ ಯಾವ ಸಾಕ್ಷ್ಯವೂ ಇರಲಿಲ್ಲ. ಇದ್ದದ್ದು ತಾಯಂದಿರ ನೆನಪು. ಹಿಂದಿನ ವರ್ಷ ತಮಗೆ ಬಂದದ್ದು ಇಂಥದೇ ಬೇನೆ ಎಂದು ಹೇಳಲು ಆ ತಾಯಂದಿರಿಗೆ ‘ಜರ್ಮನ್ ಮೀಸಲ್ಸ್’ ಎಂಬ ಮನೆಮಾತಿನ ಹೆಸರಿತ್ತು. ಅದೇ ವರ್ಷ ಹೈದರಾಬಾದಿನಲ್ಲೋ ಬೀದರದಲ್ಲೋ ಒಬ್ಬ ವೈದ್ಯ ಅದೇ ಪ್ರಶ್ನೆ ಕೇಳಿದ್ದರೆ ಅವನಿಗೆ ಉತ್ತರ ಸಿಗುತ್ತಿರಲಿಲ್ಲವೆಂದೇ ನಾನು ಭಾವಿಸುತ್ತೇನೆ.

ಗರ್ಭಧಾರಣೆಯ ಆರಂಭದಲ್ಲಿ ಸೋಂಕು ತಗಲಿದರೆ ಅದು ಭ್ರೂಣಕ್ಕೆ ದಾಟುವ ಸಂಭವ ನೂರಕ್ಕೆ 90ರವರೆಗೂ ಇದೆ. ಕಣ್ಣಿನ ಪೊರೆ, ಹೃದಯದ ದೋಷ, ಕಿವುಡು ಅದರ ಫಲ. ಇಪ್ಪತ್ತನೆಯ ವಾರ ಕಳೆದ ಮೇಲೆ ಈ ಭಯ ಬಹುತೇಕ ಇಲ್ಲ. ಇದನ್ನು ನಮ್ಮ ಆಚರಣೆಗಳ ಪಂಚಾಂಗದೊಡನೆ ಹೋಲಿಸಿ ನೋಡಬೇಕು. ಉತ್ತರ ಕರ್ನಾಟಕದ ಕುಬಸ ನಡೆಯುವುದು ಐದು, ಏಳನೆಯ ತಿಂಗಳುಗಳಲ್ಲಿ. ಬಸುರಿಯನ್ನು ಊರೆದುರು ಬಸುರಿಯೆಂದು ಒಪ್ಪಿ, ಅವಳ ಊಟ, ಓಡಾಟಗಳ ಮೇಲೆ ಕಣ್ಣಿಡುವುದು ಅಲ್ಲಿಂದ ಮುಂದೆ. ಮೊದಲ ಮೂರು ತಿಂಗಳು ಸುದ್ದಿಯನ್ನು ಮುಚ್ಚಿಡುವುದೇ ಕ್ರಮ. ಕಾಪು ಶುರುವಾಗುವ ಹೊತ್ತಿಗೆ ರುಬೆಲ್ಲಾ ತನ್ನ ಕೆಲಸ ಮುಗಿಸಿರುತ್ತದೆ.

‘ಅಮ್ಮ’ನ ವಿಷಯದಲ್ಲಿ ಪರಂಪರೆ ಇಷ್ಟು ಕುರುಡಾಗಿರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮನೆಗೆ ಬಸುರಿ ಕಾಲಿಡಬಾರದೆಂಬ ನಿಷೇಧದ ಹಿಂದೆ ಸಿಡುಬಿನ ಕಹಿ ಅನುಭವವಿದ್ದಿರಬೇಕು. 1975ರಲ್ಲಿ ಭಾರತದಿಂದ ಮರೆಯಾದ ಸಿಡುಬು ಬಸುರಿಯರಲ್ಲಿ ರಕ್ತಸ್ರಾವದ ಮಾರಕ ರೂಪವನ್ನು ತಾಳುತ್ತಿದ್ದುದು ಹೆಚ್ಚೆಂದು ಮದರಾಸಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಎ.ಆರ್. ರಾವ್ ಮತ್ತು ಸಂಗಡಿಗರು 1963ರಲ್ಲಿ ದಾಖಲಿಸಿದ್ದಾರೆ. ಸೀತಾಳೆ ಸಿಡುಬಿನಿಂದ ಭ್ರೂಣಕ್ಕೆ ಊನವಾಗುವುದು ವಿರಳ. ಮೊದಲ ಇಪ್ಪತ್ತು ವಾರಗಳಲ್ಲಿ ಬಂದರೂ ಅದು ನೂರಕ್ಕೆ ಎರಡನ್ನು ಮೀರದು. ಆದರೆ ತಾಯಿಗೆ ನ್ಯುಮೋನಿಯಾದ ಅಪಾಯವಿದೆ. ಹೆರಿಗೆಗೆ ಐದು ದಿನ ಮೊದಲಿನಿಂದ ಎರಡು ದಿನ ಅನಂತರದವರೆಗೆ ತಾಯಿಗೆ ಗುಳ್ಳೆ ಎದ್ದರೆ ಕೂಸಿನ ಜೀವಕ್ಕೇ ಅಪಾಯ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಸೋಂಕು ಹರಡುವುದರಿಂದ ಬೇವಿನ ಸೊಪ್ಪು ಯಾವಾಗಲೂ ತುಸು ತಡವಾಗಿಯೇ ಬರುತ್ತದೆ. ದಡಾರ ಅಂಗದೋಷ ತರುವುದಿಲ್ಲ. ಗರ್ಭಪಾತ, ಅಕಾಲ ಹೆರಿಗೆಗಳನ್ನು ತರಬಲ್ಲುದು.

ಲಸಿಕೆಯ ಚರಿತ್ರೆಯೂ ಸರಳವಲ್ಲ. 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರವಿತ್ತು, ರುಬೆಲ್ಲಾ ಇರಲಿಲ್ಲ. ಹೆಚ್ಚಾಗಿ ನಗರಗಳ ಖಾಸಗಿ ದವಾಖಾನೆಗಳಲ್ಲಿ ಹಣ ತೆತ್ತವರ ಮಕ್ಕಳಿಗೆ ಅದು ದೊರೆಯುತ್ತಿತ್ತು. ಇಂಥ ಅರೆಬರೆ ಲಸಿಕೆ ನಿರುಪದ್ರವಿಯಲ್ಲ: ಮಕ್ಕಳಲ್ಲಿ ಹರಡುವಿಕೆ ತಗ್ಗಿದಷ್ಟೂ ಲಸಿಕೆ ಸಿಗದ ಹುಡುಗಿಯರು ಸೋಂಕು ಕಾಣದೆಯೇ ಹೆರುವ ವಯಸ್ಸಿಗೆ ಬರುತ್ತಾರೆ. ಗ್ರೀಸ್ ದೇಶ 1993ರಲ್ಲಿ ಇದೇ ಕಾರಣಕ್ಕೆ ಜನ್ಮಜಾತ ರುಬೆಲ್ಲಾದ ದೊಡ್ಡ ಹಾವಳಿಯನ್ನು ಅನುಭವಿಸಿತು. ಭಾರತದಲ್ಲಿ ದಡಾರ-ರುಬೆಲ್ಲಾ ಅಭಿಯಾನ 2017ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಆರಂಭವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ತೆಲಂಗಾಣದ ಸರದಿ. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನವರಿಗೆ ಮಾತ್ರ ಅದು ಸಂದಿತು. ಹೀಗಾಗಿ 2002ಕ್ಕಿಂತ ಮೊದಲು ಹುಟ್ಟಿದ ಹೆಣ್ಣುಮಕ್ಕಳು ಗಡಿಯ ಎರಡೂ ಕಡೆ ಅಭಿಯಾನದ ಹೊರಗುಳಿದರು. ಇದು ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ ಬಸಿರು ನಿಂತ ಮೇಲೆ ಕೊಡುವಂತಿಲ್ಲ. ಕೊಟ್ಟ ಮೇಲೂ ಒಂದು ತಿಂಗಳು ಕಾಯಬೇಕು.

ಕೂಕಟ್‌ಪಲ್ಲಿಯ ದವಾಖಾನೆಯಲ್ಲಿ ಇಂಥವಳೊಬ್ಬಳನ್ನು ‘ತಟ್ಟು ಬಂದಿತ್ತೇ’ ಎಂದು ಕೇಳಿದರೆ, ಚಿಕ್ಕವಳಿದ್ದಾಗ ಗೊಬ್ಬರ ಎದ್ದಿತ್ತೆಂದು ಅವಳು ಹೇಳಬಹುದು. ಪ್ರಶ್ನೆ, ಉತ್ತರ ಎರಡೂ ದಡಾರಕ್ಕೆ ಸೇರಿದವು. ರುಬೆಲ್ಲಾದ ಸಂಗತಿಯನ್ನು ಹೇಳಬಲ್ಲುದು ಅವಳ ರಕ್ತದ ಪರೀಕ್ಷೆಯೊಂದೇ, ಅದೂ ಬಸಿರಾಗುವ ಮೊದಲು ಮಾಡಿಸಿದ್ದರೆ ಮಾತ್ರ ಲಸಿಕೆಗೆ ಅವಕಾಶ.