ಜಗದ್ಗುರುಗಳ ಹೆಸರಿಲ್ಲದ ಬೆಳ್ಳಿ ನಾಣ್ಯ

ವ್ಯಾಟಿಕನ್ ನಾಣ್ಯವೆಂದ ಕೂಡಲೇ ನಮಗೆ ನೆನಪಾಗುವುದು ಜಗದ್ಗುರುಗಳ ಮುಖಚಿತ್ರ. ಆದರೆ 1939ರ 5 ಹಾಗೂ 10 ಲೀರಾ ಬೆಳ್ಳಿ ನಾಣ್ಯಗಳ ಒಂದು ಸರಣಿಯಲ್ಲಿ ಯಾವ ಜಗದ್ಗುರುಗಳ ಮುಖವೂ ಇಲ್ಲ, ಹೆಸರೂ ಇಲ್ಲ. ಅಲ್ಲಿರುವುದು 'ಸೇದೆ ವಕಾಂತೆ' ಎಂಬ ಲತೀನ್ ಪದಗಳು. 'ಪೀಠ ಬರಿದಾಗಿರುವಾಗ' ಎಂಬುದು ಇದರ ಅರ್ಥ.

ಹಿನ್ನೆಲೆ: 1929ರ ಲ್ಯಾಟರನ್ ಒಪ್ಪಂದದಿಂದ ವ್ಯಾಟಿಕನ್ ಸ್ವತಂತ್ರ ರಾಷ್ಟ್ರವಾಯಿತು ಮತ್ತು ತನ್ನದೇ ನಾಣ್ಯಗಳನ್ನು ಹೊರತಂದಿತು. 11ನೇ ಪಿಯುಸ್ ಜಗದ್ಗುರುಗಳು 1939ರ ಫೆಬ್ರವರಿ 10ರಂದು ದೈವಾಧೀನರಾದರು. ಮಾರ್ಚ್ 2ರಂದು ಹೊಸ ಜಗದ್ಗುರುಗಳ ಆಯ್ಕೆಯಾಯಿತು. ಈ ನಾಣ್ಯಗಳು ನೆನಪಿಸುವುದು ನಡುವಿನ ಆ ಕೆಲವೇ ದಿನಗಳನ್ನು.

ಕೀಲಿಕೈಗಳು: ಅಡ್ಡಡ್ಡವಾಗಿಟ್ಟ ಎರಡು ಕೀಲಿಕೈಗಳು ಪ್ರಭು ಯೇಸು ಸಂತ ಪೇತ್ರರಿಗೆ ಕೊಟ್ಟ ಅಧಿಕಾರದ ಗುರುತು (ಮತ್ತಾಯ 16:19). ಪೀಠದಲ್ಲಿ ಕೂತವರು ತೀರಿಕೊಂಡರೂ ಆ ಅಧಿಕಾರ ಅಳಿಯುವುದಿಲ್ಲ.

ಛತ್ರಿ: ಜಗದ್ಗುರುಗಳ ಕಿರೀಟವಿರಬೇಕಾದ ಜಾಗದಲ್ಲಿ ಇಲ್ಲಿ ಛತ್ರಿಯಿದೆ. ಪೀಠ ಬರಿದಾದಾಗ ಧರ್ಮಸಭೆಯ ಲೌಕಿಕ ಆಸ್ತಿಪಾಸ್ತಿಯನ್ನು ನೋಡಿಕೊಳ್ಳುವ ಕಾರ್ಡಿನಲರಿಗೆ 'ಕಮರ್ಲೆಂಗೊ' ಎನ್ನುತ್ತಾರೆ. ಛತ್ರಿಯ ಕೆಳಗಿರುವುದು ಅವರ ಲಾಂಛನ. ಅವರು ಕಾಯುವವರೇ ಹೊರತು ಒಡೆಯರಲ್ಲ.

ಪಾರಿವಾಳ: ಹಿಂಬದಿಯಲ್ಲಿರುವ ಪಾರಿವಾಳ ಪವಿತ್ರಾತ್ಮರ ಸಂಕೇತ. ಜೋರ್ದಾನ್ ನದಿಯಲ್ಲಿ ಪ್ರಭುವಿನ ಸ್ನಾನದೀಕ್ಷೆಯ ವೇಳೆ ಪವಿತ್ರಾತ್ಮರು ಇಳಿದು ಬಂದದ್ದು ಈ ರೂಪದಲ್ಲೇ. ಕಾರ್ಡಿನಲರು ಮತ ಹಾಕಿದರೂ ದಾರಿ ತೋರುವವರು ಯಾರೆಂಬುದನ್ನು ಈ ಚಿತ್ರ ಹೇಳುತ್ತದೆ.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ಆಗ ಕಮರ್ಲೆಂಗೊ ಆಗಿದ್ದವರು ಕಾರ್ಡಿನಲ್ ಯುಜೇನಿಯೊ ಪಚೆಲ್ಲಿ. ಅವರ ಲಾಂಛನದಲ್ಲೂ ಆಲಿವ್ ಎಲೆಗಳ ಕೊಂಬೆ ಹಿಡಿದ ಪಾರಿವಾಳವಿತ್ತು. ಅವರೇ 12ನೇ ಪಿಯುಸ್ ಆಗಿ ಆಯ್ಕೆಯಾದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಆರಂಭವಾಯಿತು. ಶಾಂತಿಯ ಗುರುತನ್ನು ಹೊತ್ತವರು ಯುದ್ಧಕಾಲದ ಭಾರವನ್ನು ಹೊರಬೇಕಾಯಿತು.

ಇಂಥ ನಾಣ್ಯ ಯಾರ ಮನೆಯಲ್ಲಾದರೂ ಇದ್ದರೆ ಒಂದು ಮಾತು: ಇದು ಹಣ, ಆಶೀರ್ವದಿಸಿದ ಪದಕವಲ್ಲ, ಇದರಲ್ಲಿ ತಾಯಿತದ ಶಕ್ತಿಯನ್ನು ಹುಡುಕಬಾರದು. ಹೊಳೆಯಲೆಂದು ಉಜ್ಜಲೂ ಬಾರದು, ಅಚ್ಚು ಸವೆಯುತ್ತದೆ.

2005 ಹಾಗೂ 2013ರಲ್ಲಿ ಪೀಠ ಬರಿದಾದಾಗಲೂ ವ್ಯಾಟಿಕನ್ ಇಂಥ ನಾಣ್ಯಗಳನ್ನು ಹೊರತಂದಿತು. 2025ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ನಮ್ಮನ್ನಗಲಿದಾಗ ನಾವೆಲ್ಲರೂ ಪವಿತ್ರಾತ್ಮರಲ್ಲಿ ಬೇಡಿಕೊಂಡೆವು. ಅದೇ ಬೇಡಿಕೆಯನ್ನು ಈ ಪುಟ್ಟ ಬೆಳ್ಳಿಯ ಬಿಲ್ಲೆ 1939ರಿಂದ ಮೌನವಾಗಿ ಹೇಳುತ್ತಾ ಬಂದಿದೆ.